ಪಚ್ಚಿಲೆ: ಹಗ್ಗ ಹೊಲಿದವರ ಕೈಗೇ ದುಡ್ಡು ಬಂದ ಲೆಕ್ಕ

ಪಚ್ಚಿಲೆ ಅಂದರೆ ತಿನ್ನುವ ಹಸಿರು ಕಡಲಚಿಪ್ಪು. ಅದರ ಮರಿಯನ್ನು ಹಗ್ಗದ ಸುತ್ತ ಪರದೆಯಲ್ಲಿಟ್ಟು ಹೊಲಿದು, ನೀರಲ್ಲಿ ಕಂಬ ಊರಿ ಹಾಕಿದ ಚಪ್ಪರಕ್ಕೆ ಇಳಿಬಿಟ್ಟು ಬೆಳೆಸುವುದು. ಹೆಂಗಸರು ಹಗ್ಗ ಹೊಲಿಯಲಿ, ಚಪ್ಪರ ಮತ್ತು ಮಾರಾಟ ಅವರಿಂದಾಗದು ಎನ್ನುವುದು ಕುಂದಾಪುರದ ಅಳಿವೆಯಲ್ಲಿ ನಮಗೆ ಕೇಳಿಬಂದ ಮಾತು. ಕಾಸರಗೋಡಿನ ಪಡನ್ನ ಕಡೆ ಹೆಂಗಸರ ಗುಂಪುಗಳು 1990ರ ದಶಕದಿಂದಲೇ ಪಚ್ಚಿಲೆ ಬೆಳೆಯುತ್ತಿವೆ. ಆದರೂ ಇಲ್ಲಿ ಬಾಯಿ ಮುಚ್ಚಿಸಲು ಮೂರು ಬೆಳೆ ಬೇಕಾಯಿತು.

ಮೊದಲ ಬೆಳೆ ಕೆಟ್ಟದ್ದು ಪರದೆಯಿಂದ. ಅಗ್ಗವೆಂದು ನೈಲಾನ್ ಸೊಳ್ಳೆಪರದೆ ಸುತ್ತಿದೆವು. ಹತ್ತಿಯದಾದರೆ ಎಂಟು ಹತ್ತು ದಿನಕ್ಕೆ ಕೊಳೆತು ಉದುರುತ್ತದೆ, ಅಷ್ಟರಲ್ಲಿ ಮರಿ ನಾರು ಬಿಟ್ಟು ಹಗ್ಗ ಹಿಡಿದಿರುತ್ತದೆ. ನೈಲಾನ್ ಕೊಳೆಯುವುದೇ ಇಲ್ಲ, ಮರಿ ಒಳಗೇ ಇಕ್ಕಟ್ಟಾಗಿ ಅರ್ಧಕ್ಕರ್ಧ ಸತ್ತವು. ಎರಡನೆಯದರಲ್ಲಿ ಹೊಲಿಗೆ ಸಡಿಲ, ಮರಿಯೆಲ್ಲ ಜಾರಿ ಹಗ್ಗದ ಬುಡದಲ್ಲಿ ಮುದ್ದೆಯಾಯಿತು. ಈಗ 12 ಮಿ.ಮೀ. ಹಗ್ಗದ ಎಳೆಗಳ ನಡುವೆ ಹಳೇ ಬಲೆಯ ತುಂಡು ಸಿಕ್ಕಿಸುತ್ತೇವೆ, ಹಿಡಿತ ಚೆನ್ನ. 20-25 ಮಿ.ಮೀ.ನ ಮರಿ, ಮೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ.

ತೆಂಗಿನ ನಾರಿನ ಹಗ್ಗವನ್ನೂ ನೋಡಿದ್ದಾಯಿತು. ಮರಿ ಬೇಗ ಅಂಟಿತು, ನಾಲ್ಕನೇ ತಿಂಗಳಲ್ಲಿ ಭಾರಕ್ಕೆ ತುಂಡಾಗಿ ಕೆಸರಿಗೆ ಬಿತ್ತು. ಕೆಸರು ಮುಟ್ಟಿದ ಹಗ್ಗದ ಪಚ್ಚಿಲೆ ಏಡಿಯ ಪಾಲು. ಪೂರ್ತಿ ಇಳಿತದಲ್ಲೂ ಬುಡ ಕೆಸರಿನಿಂದ ಒಂದು ಮೊಳ ಮೇಲಿರಬೇಕು.

ಗಾಳಿಮರದ ಕಂಬ ಊರುವುದು, ಬಂಡೆಯಿಂದ ಮರಿ ಕೀಳುವುದು ದೋಣಿಯ ಗಂಡಸರ ಕೆಲಸ. ಅದಕ್ಕೆ ದಿನಗೂಲಿ, ಪಾಲು ಇಲ್ಲ. ಮೊದಲ ವರ್ಷ ಪಾಲು ಕೊಟ್ಟಿದ್ದಕ್ಕೆ ಚಪ್ಪರವೇ ದೋಣಿಯವರದು ಎಂಬಂತಾಗಿತ್ತು. ಹೊಲಿಗೆ, ಕಟ್ಟುವುದು, ಕಾವಲು, ಕೊಯ್ಲು ಹೆಂಗಸರದು.

ತೊಡಕು ಇಳಿತದ್ದು, ಹಗ್ಗ ಕಟ್ಟುವುದು ಆಗಲೇ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಮನೆಯ ಒಲೆ ಹಾಗೆ ಜಗ್ಗುವುದಿಲ್ಲ. ಮರಿಯನ್ನು ಒದ್ದೆ ಗೋಣಿಯಲ್ಲಿ ತಂದ ದಿನವೇ ನೀರಿಗಿಳಿಸದಿದ್ದರೆ ಸೊರಗುತ್ತದೆ. ಹಾಗಾಗಿ ಮಧ್ಯಾಹ್ನ ದಾಟಿ ಇಳಿತ ಬರುವ ದಿನಗಳನ್ನು ಮೊದಲೇ ಗುರುತು ಮಾಡಿ, ಮರಿ ಕೀಳುವವರಿಗೂ ಆ ದಿನಕ್ಕೇ ತರಲು ಹೇಳುತ್ತೇವೆ. ಬೆಳಗಿನ ಅಡುಗೆ ಮುಗಿಸಿ ಬಂದವರು ನೆರಳಲ್ಲಿ ಹೊಲಿದು, ಸಂಜೆಯೊಳಗೆ ಕಟ್ಟಿ ಮುಗಿಸುತ್ತಾರೆ. ಈ ಹೊಂದಿಕೆಯಿಂದಲೇ ಕೆಲಸ ನೆಲೆನಿಂತಿತು ಅಂದರೂ ಸರಿ.

ಈಗ ದುಡ್ಡು. ಡಿಸೆಂಬರಿಗೆ ಕಟ್ಟಿದ್ದು ಮೇಗೆ ಮೀಟರಿಗೆ ಎಂಟೊಂಬತ್ತು ಕಿಲೋ. ಚಿಪ್ಪುಸಹಿತ ಮಾರಿದರೆ ದಲ್ಲಾಳಿ ಕೊಟ್ಟದ್ದು ಕಿಲೋಗೆ 60ರ ಆಸುಪಾಸು. ಅದೂ ದೋಣಿಯಲ್ಲಿ ಸಾಗಿಸಿದವನ ಜೇಬಿಗೆ ಮೊದಲು, ಹೊಲಿದವರಿಗೆ ಉಳಿದರೆ. ರಾತ್ರಿಯಿಡೀ ಶುದ್ಧ ಉಪ್ಪುನೀರಲ್ಲಿಟ್ಟು ಕೆಸರು ಕಕ್ಕಿಸಿ, ನಾರು ಕಿತ್ತು, ನೀರು ಹಾಕದೆ ಮುಚ್ಚಿ ಬೇಯಿಸಿದರೆ ಹತ್ತು ಕಿಲೋಗೆ ಎರಡೂವರೆ ಕಿಲೋ ಮಾಂಸ. ಬಾಯಿ ಬಿಡದ್ದನ್ನು ಎಸೆಯಬೇಕು. ಮಾಂಸ ಕಿಲೋಗೆ 320. ಅಂದರೆ 600ರ ಜಾಗದಲ್ಲಿ 800, ಸೌದೆಗೆ 40 ಕಳೆಯಿರಿ. ಎರಡು ಗಂಟೆ ಕೂತು ಬಿಡಿಸಿದ್ದಕ್ಕೆ ಹೆಚ್ಚುವರಿ 160 ದೊಡ್ಡದೇನಲ್ಲ. ಆದರೆ ಬುಟ್ಟಿಯಲ್ಲಿ ಹೊತ್ತು ಮನೆ ಮನೆಗೆ ಮಾರುವವರು ಹೆಂಗಸರೇ, ಪೂರಾ ದುಡ್ಡು ಅವರ ಸೆರಗಿನ ಗಂಟಿಗೆ ಬೀಳುತ್ತದೆ. ಹೋಟೆಲಿನವರಿಗೆ ಮಾತ್ರ ಚಿಪ್ಪು ಬೇಕು. ಅದನ್ನೂ ಗುಂಪಿನ ಖಾತೆಗೇ ಹಾಕಿಸುತ್ತೇವೆ, ನಗದು ಇಲ್ಲ.

ಮೇ ಕೊನೆಯ ವಾರದೊಳಗೆ ಪೂರ್ತಿ ಕೊಯ್ಲಾಗಲೇಬೇಕು. ದರ ಏರಲಿ ಎಂದು ಒಮ್ಮೆ ಎರಡು ಸಾಲು ಉಳಿಸಿದ್ದೆವು. ಮಳೆಗೆ ಹೊಳೆಯ ಕೆಂಪು ಸಿಹಿನೀರು ಬಂದ ನಾಲ್ಕೇ ದಿನಕ್ಕೆ ಅಷ್ಟೂ ಬಾಯಿ ತೆರೆದು ನಾರುತ್ತಿದ್ದವು.