ಮಾದಕ ವ್ಯಸನದ ಚಿಕಿತ್ಸೆ ಪಡೆದವರನ್ನು ದುಡಿಮೆಗೆ ಮರಳಿಸುವ ಬಗೆ

ಚಿಕಿತ್ಸೆ ಮುಗಿಸಿ ಬಂದವರಿಗೆ ಒಂದು ಕೆಲಸ ಕೊಡಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿ ಹೊರಡುವ ಮನೆಯವರೂ ಆಪ್ತಸಮಾಲೋಚಕರೂ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ದುಡಿಮೆ ಅಪರಾಧವನ್ನು ತಗ್ಗಿಸಿದಷ್ಟು ಸುಲಭವಾಗಿ ವ್ಯಸನವನ್ನು ತಗ್ಗಿಸುವುದಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ವ್ಯಸನದ ಚಿಕಿತ್ಸೆ ಪಡೆದಿದ್ದ ಕೆಲವರಿಗೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಸಹಾಯಧನದ (ಕೂಲಿಯ ಹೊರೆಯನ್ನು ಕಾರ್ಯಕ್ರಮವೇ ಹೊರುವ) ಕೆಲಸ ಕೊಟ್ಟು ನೋಡಿದಾಗ, ದರೋಡೆ ಮತ್ತು ಕನ್ನಗಳವಿಗಾಗಿ ಅವರು ಬಂಧನಕ್ಕೊಳಗಾಗುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಹೆರಾಯಿನ್, ಕೊಕೇನ್ ಬಳಕೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಕದ್ದು ಹಣ ಹೊಂದಿಸುವ ಅಗತ್ಯ ತಪ್ಪಿತ್ತು, ಚಟ ಉಳಿದಿತ್ತು.

ಆದ್ದರಿಂದ ಕೆಲಸ ಸಿಕ್ಕಿತೆಂದು ಚಿಕಿತ್ಸೆಯನ್ನು ನಿಲ್ಲಿಸಬೇಡಿ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಚಿಕಿತ್ಸೆಯಿಂದ ಸಿಗುವ ಫಲ ಅಲ್ಪ. ಹೆರಾಯಿನ್‌ನಂಥ ಮಾದಕಗಳ ಬದಲಿಗೆ ವೈದ್ಯರ ನಿಗಾದಲ್ಲಿ ಕೊಡುವ ಮೆಥಡೋನ್ ಎಂಬ ಔಷಧಿ ಪಡೆಯುವವರಿಗಂತೂ ಒಂದು ವರ್ಷವೂ ಕನಿಷ್ಠ ಅವಧಿಯೇ. ಕೆಲಸ ಒಪ್ಪಿಕೊಳ್ಳುವ ಮೊದಲು ಪಾಳಿಯ ಸಮಯವನ್ನೂ ಕ್ಲಿನಿಕ್ಕಿನ ಸಮಯವನ್ನೂ ಎದುರುಬದುರು ಇಟ್ಟು ನೋಡಿ. ದಿನವೂ ಸಿಬ್ಬಂದಿಯ ಎದುರಿನಲ್ಲೇ ಔಷಧಿ ಕುಡಿಯಬೇಕಾದವರು ಬೆಳಿಗ್ಗೆ ಏಳಕ್ಕೆ ಸರದಿಯಲ್ಲಿ ನಿಂತು, ಏಳೂವರೆಗೆ ಪಾಳಿಯಲ್ಲಿ ಹಾಜರಿರುವುದು ಆಗದ ಮಾತು. ಹೀಗಾದಾಗ ಕೆಲವರು ಸದ್ದಿಲ್ಲದೆ ಔಷಧಿಯನ್ನೇ ಕೈಬಿಡಬಹುದು. ಬಿಟ್ಟ ಮೇಲೆ ದೇಹದ ಸಹಿಷ್ಣುತೆ (ಮಾದಕವನ್ನು ತಾಳಿಕೊಳ್ಳುವ ಶಕ್ತಿ) ಕುಗ್ಗಿರುವುದರಿಂದ, ಮತ್ತೆ ಹಳೆಯ ಪ್ರಮಾಣದ ಹೆರಾಯಿನ್ ತೆಗೆದುಕೊಂಡರೆ ಪ್ರಾಣವೇ ಹೋಗಬಹುದು. ಮನೆಗೆ ಕೊಂಡೊಯ್ಯುವ ಡೋಸ್ ಅಥವಾ ಬ್ಯುಪ್ರೆನಾರ್ಫಿನ್ ಎಂಬ ಇನ್ನೊಂದು ಬದಲಿ ಔಷಧಿ ಹೊಂದುತ್ತದೆಯೇ ಎಂದು ವೈದ್ಯರನ್ನು ಆಗಲೇ ಕೇಳಿ.

ದುಡಿಮೆಯಿಂದ ವ್ಯಸನದ ಮೇಲೂ ಹಿಡಿತ ಬರಬೇಕಾದರೆ ಎರಡನ್ನೂ ಒಂದಕ್ಕೊಂದು ಬೆಸೆಯಬೇಕಾಗುತ್ತದೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಕೆನೆತ್ ಸಿಲ್ವರ್‌ಮನ್ ಮತ್ತು ಸಂಗಡಿಗರು ಚಿಕಿತ್ಸೆಯ ಭಾಗವಾಗಿ ರೂಪಿಸಿದ ಕೆಲಸದ ತಾಣದಲ್ಲಿ ಮೂತ್ರ ಪರೀಕ್ಷೆಯಲ್ಲಿ ಮಾದಕದ ಅಂಶ ಕಾಣದವರಿಗಷ್ಟೇ ಆ ದಿನದ ಕೆಲಸ ಮತ್ತು ಕೂಲಿ ದೊರೆಯುತ್ತಿತ್ತು. ಬಳಕೆ ನಿಜಕ್ಕೂ ಇಳಿಯಿತು. ಆದರೆ ಆ ಷರತ್ತು ಹೋದ ಮೇಲೆ ಅನೇಕರು ಹಿಂದಕ್ಕೆ ಜಾರಿದರು. ಇಂಥ ಏರ್ಪಾಡನ್ನು ಕೆಲವು ವಾರಗಳ ಶಿಸ್ತೆಂದಲ್ಲ, ದೀರ್ಘಕಾಲದ ವ್ಯವಸ್ಥೆಯೆಂದೇ ಯೋಜಿಸಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ದುಡಿಯುವವರ ಲಿಖಿತ ಒಪ್ಪಿಗೆಯೂ ಬೇಕು.

ವಯಸ್ಸನ್ನೂ ಗಮನಿಸಿ. ಮೇಲೆ ಹೇಳಿದ ಸಹಾಯಧನದ ಕಾರ್ಯಕ್ರಮವನ್ನು ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಉಗ್ಗೆನ್ 2000ದಲ್ಲಿ ಮರುವಿಶ್ಲೇಷಿಸಿದಾಗ, ಅಪರಾಧ ಹಿನ್ನೆಲೆಯವರಲ್ಲಿ ಕೆಲಸದ ಪ್ರಯೋಜನ ಕಂಡದ್ದು 27 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಲ್ಲಿ. ಅದಕ್ಕಿಂತ ಕಿರಿಯರಲ್ಲಿ ಅಷ್ಟಾಗಿ ಕಾಣಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಉದ್ಯೋಗವೊಂದನ್ನೇ ನೆಚ್ಚಿಕೊಳ್ಳದೆ, ಆಪ್ತಸಮಾಲೋಚನೆಯನ್ನೂ ಗೆಳೆಯರ ಬಳಗದ ಬದಲಾವಣೆಯನ್ನೂ ಜೊತೆಗಿರಿಸಿ.

ಒಮ್ಮೆ ಮತ್ತೆ ಬಳಸಿಬಿಟ್ಟರೆ ಏನು ಮಾಡಬೇಕೆಂಬುದನ್ನು ಕೆಲಸ ಕೊಡುವವರೊಂದಿಗೆ ಮೊದಲ ದಿನವೇ ಬರೆದು ನಿಶ್ಚಯಿಸಿಕೊಳ್ಳಿ: ಎಷ್ಟು ದಿನ ರಜೆ, ಯಾರಿಗೆ ತಿಳಿಸುವುದು, ಯಾವ ಪರೀಕ್ಷೆಯ ನಂತರ ಮರಳುವುದು. ಯಂತ್ರ ಅಥವಾ ವಾಹನ ನಡೆಸುವವರಾದರೆ ಅಷ್ಟು ಕಾಲ ಬೇರೆ ಯಾವ ಕೆಲಸ ಎಂಬುದನ್ನೂ ಅದರಲ್ಲೇ ಸೇರಿಸಿ.