ಒಂದೂ ಚಿಗಟ ಕಾಣಲಿಲ್ಲ, ಆದರೂ ಕಾರಣ ಚಿಗಟವೇ

ಹೊಟ್ಟೆ, ಹಿಂತೊಡೆಯ ಒಳಭಾಗ, ಬಾಲದ ಬುಡ. ನಮ್ಮ ಬೆಕ್ಕು ಚಿನ್ನಿಗೆ ಈ ಮೂರು ಕಡೆ ಕೂದಲೇ ಉಳಿದಿರಲಿಲ್ಲ. ಚರ್ಮ ಮಾತ್ರ ನುಣ್ಣಗಿತ್ತು, ಗಾಯವಿಲ್ಲ, ಹಕ್ಕಳೆಯಿಲ್ಲ. ಬೆಕ್ಕು ಸಾಕಿದವರೆಲ್ಲ ಹೇಳಿದ್ದು ಒಂದೇ, ಟೆನ್ಶನ್‌ಗೆ ನೆಕ್ಕಿಕೊಳ್ಳುತ್ತೆ ಅಂತ. ನಾನು ಚಿಗಟ ಅಂದರೆ ನಕ್ಕರು. ಮನೆ ಬಿಟ್ಟು ಹೊರಗೆ ಹೋಗದ ಬೆಕ್ಕಿಗೆ ಚಿಗಟ ಎಲ್ಲಿಂದ ಬರಬೇಕು? ಈಗ ಅದೇ ಹೊಟ್ಟೆ ತುಂಬ ತುಪ್ಪಳ ಇದೆ. ನಗುತ್ತಿದ್ದವರೇ ಏನು ಹಾಕಿದ್ರಿ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಲೆಕ್ಕ. ಬೆಕ್ಕನ್ನು ಶಾಂತ ಮಾಡುವ ಡಿಫ್ಯೂಸರ್ ತಂದೆ, ರೀಫಿಲ್ ಮೇಲೆ ರೀಫಿಲ್. ಮೀನೆಣ್ಣೆ ಕೊಟ್ಟೆ. ಮೈ ಮೇಲಿದ್ದ ಕೂದಲು ಮಿಂಚಿತು, ಬೋಳು ಬೋಳಾಗೇ ಉಳಿಯಿತು. ಆಮೇಲೆ ಆಹಾರಕ್ಕೆ ಅಲರ್ಜಿ ಇದೆಯಾ ಅಂತ ನೋಡಲು ಸುಮಾರು ಎಂಟು ವಾರ ವಿಶೇಷ ಆಹಾರ. ಎಲ್ಲಕ್ಕಿಂತ ಜಾಸ್ತಿ ಖರ್ಚು ಅದಕ್ಕೇ. ಮೂರು ಬೆಕ್ಕಿದ್ದ ಮನೆಯಲ್ಲಿ ಒಂದರ ತಟ್ಟೆಗೆ ಇನ್ನೊಂದು ಬಾಯಿ ಹಾಕದಂತೆ ಕಾಯುವುದಿದೆಯಲ್ಲ, ಅದು ಬೇರೆ ಕೆಲಸ. ಫಲ ಸೊನ್ನೆ.

ದಾರಿ ತೋರಿಸಿದ್ದು ನಾಲ್ಕು ಕೂದಲು. ಬೋಳಿನ ಅಂಚಿನಿಂದ ಕಿತ್ತು ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡಿದರು. ತುದಿಗಳೆಲ್ಲ ಮುರಿದಿದ್ದವು. ಅಂದರೆ ಕೂದಲು ತಾನಾಗಿ ಉದುರುತ್ತಿಲ್ಲ, ನೆಕ್ಕಿ ನೆಕ್ಕಿ ಮುರಿಯುತ್ತಿದೆ. ಹುಳುಕಡ್ಡಿ, ಅಂದರೆ ಫಂಗಸ್‌ನ ಚರ್ಮರೋಗ, ಇದೆಯಾ ಅಂತ ವುಡ್ಸ್ ಲ್ಯಾಂಪ್ ಅನ್ನುವ ಅತಿನೇರಳೆ ದೀಪ ಹಿಡಿದಾಗ ಹಸಿರು ಹೊಳಪು ಬರಲಿಲ್ಲ. ಆ ದೀಪವನ್ನೇ ನಂಬಿ ಕೂರಬೇಡಿ, ಹೊಳೆಯದ ಫಂಗಸ್ಸೂ ಬೇಕಾದಷ್ಟಿವೆ. ಲ್ಯಾಬಿನಲ್ಲಿ ಫಂಗಸ್ ಬೆಳೆಯುತ್ತಾ ನೋಡುವ ಕಲ್ಚರ್‌ಗೆ ಕೂದಲು ಕಳಿಸಿ ಎರಡು ಮೂರು ವಾರ ಕಾದೆ, ಅದೂ ನೆಗೆಟಿವ್. ಮೂತ್ರಕೋಶ ನೋಯುವ ಬೆಕ್ಕೂ ಹೊಟ್ಟೆ ನೆಕ್ಕುತ್ತದೆ ಅಂತ ಮೂತ್ರ ಪರೀಕ್ಷೆಯೂ ಆಯಿತು. ಏನೂ ಇಲ್ಲ.

ಕೊನೆಗೆ ಚಿಗಟದ ಬಾಚಣಿಗೆ ಹಿಡಿದು ಬಾಲದ ಬುಡ ಬಾಚಿದೆ. ಬಂದ ಕಸವನ್ನು ಒದ್ದೆ ಟಿಶ್ಯೂ ಮೇಲೆ ಕೊಡವಿದೆ. ಎರಡೇ ಎರಡು ಕರಿ ಚುಕ್ಕಿ. ಸ್ವಲ್ಪ ಹೊತ್ತಿಗೆ ಅವುಗಳ ಸುತ್ತ ಕೆಂಪು ಹರಡಿತು. ಚಿಗಟದ ಹಿಕ್ಕೆ ಅಂದರೆ ಅರಗಿದ ರಕ್ತವೇ ಅಲ್ವಾ? ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ಬೆಕ್ಕಿಗೆ ನಾಲ್ಕಾರು ಕಡಿತವೇ ಸಾಕು. ಕಚ್ಚಿದ ಚಿಗಟವನ್ನು ಅದೇ ನೆಕ್ಕಿ ನುಂಗಿರುತ್ತದೆ, ನಮ್ಮ ಕಣ್ಣಿಗೆ ಬೀಳೋದು ಹೇಗೆ?

ಮೂರೂ ಬೆಕ್ಕಿಗೆ ಒಂದೇ ದಿನ ಸ್ಪಾಟ್‌ಆನ್, ಅಂದರೆ ಕತ್ತಿನ ಹಿಂದೆ ಚರ್ಮಕ್ಕೆ ಬಿಡುವ ಚಿಗಟದ ಔಷಧಿ, ಹಾಕಿದೆ, ಪ್ರತಿಯೊಂದರ ತೂಕಕ್ಕೆ ತಕ್ಕಂತೆ, ತಿಂಗಳು ತಪ್ಪದೆ. ಉಳಿದೆರಡಕ್ಕೆ ನವೆ ಇರಲಿಲ್ಲ, ಅವಕ್ಕೆ ಯಾಕೆ ಖರ್ಚು ಅಂದರು. ಸುಮ್ನೆ ಹಾಕಿದೆ. ನಾಯಿಯ ಔಷಧಿ ಅಗ್ಗ ಅಂತ ಅದಕ್ಕೆ ಮಾತ್ರ ಕೈ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತು. ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿಗೆ, ಸೋಫಾದ ಸಂದಿಗೆ ದಿನಾ ವ್ಯಾಕ್ಯೂಮ್. ಗೂಡು ಕಟ್ಟಿದ ಚಿಗಟದ ಮರಿ ತಿಂಗಳುಗಟ್ಟಲೆ ಕಾಯುತ್ತದೆ, ಸ್ಪ್ರೇಗೂ ಜಗ್ಗುವುದಿಲ್ಲ. ಹಾಗಾಗಿ ಒಂದು ಡೋಸಿಗೆ ಏನೂ ಆಗಲಿಲ್ಲ ಅಂತ ಕೈಬಿಟ್ಟವರೇ ಹೆಚ್ಚು.

ಕುತೂಹಲಕ್ಕೆ ರಾತ್ರಿ ನೆಲದ ಮೇಲೆ ಸೋಪುನೀರಿನ ತಟ್ಟೆ ಇಟ್ಟು ಮೇಲೆ ಚಿಕ್ಕ ದೀಪ ಹಚ್ಚಿದೆ. ಮೊದಲ ವಾರ ಐದಾರು ಚಿಗಟ ಮುಳುಗಿದ್ದವು. ನಕ್ಕವರಿಗೆಲ್ಲ ಫೋಟೋ ಕಳಿಸಿದೆ! ಮೂರನೇ ತಿಂಗಳಿಗೆ ತಟ್ಟೆ ಖಾಲಿ. ಎರಡನೇ ತಿಂಗಳ ಕೊನೆಗೇ ಹೊಟ್ಟೆ ಮೇಲೆ ಕೈಯಾಡಿಸಿದರೆ ಮುಳ್ಳು ಮುಳ್ಳಾಗಿ ಕೂದಲು ಸಿಗುತ್ತಿತ್ತು.

ಮನೆಯ ಮುದಿ ಬೆಕ್ಕಿಗೆ ಸೊಂಟದ ಮೇಲೆ ಹೊಟ್ಟು, ಗಂಟುಗಂಟು ಕೂದಲು. ಅದಕ್ಕೂ ಇದೇ ಗುಣ ಕೊಡುತ್ತೆ ಅಂದುಕೊಂಡಿದ್ದೆ, ಕೊಡಲಿಲ್ಲ. ಅದಕ್ಕೆ ಕೀಲುನೋವು, ಮೈ ತಿರುಗಿಸಿ ನೆಕ್ಕಿಕೊಳ್ಳಲು ಆಗುತ್ತಿಲ್ಲ. ಈಗ ನಾನೇ ದಿನಾ ಬಾಚುತ್ತೇನೆ, ನೋವಿಗೆ ಡಾಕ್ಟರು ಬೇರೆ ಔಷಧಿ ಕೊಟ್ಟಿದ್ದಾರೆ.