ಊರ ಗಿಡಮರ ನೋಡೋ ಗುಂಪು ಕಟ್ಟೋದು ಹೇಗೆ: ಸಸಿ ನೆಡೋಕೆ ಓಡೋ ಮುಂಚೆ ಒಂದ್ಸಲ ಓದಿ

ನಮ್ದು ತುಮಕೂರು. ಕೆಲವು ವರ್ಷದಿಂದ ತಿಂಗಳಿಗೊಂದು ಭಾನುವಾರ ಒಂದಷ್ಟು ಜನ ಸೇರಿ ಸುತ್ತಮುತ್ತಲ ಗಿಡ, ಮರ, ಬಳ್ಳಿ, ಹುಲ್ಲು ನೋಡ್ಕೊಂಡು ಓಡಾಡ್ತೀವಿ. ರಿಜಿಸ್ಟರ್ ಆಗಿರೋ ಸಂಘ ಅಲ್ಲ, ಬ್ಯಾನರ್ ಇಲ್ಲ, ಅಧ್ಯಕ್ಷರು ಕಾರ್ಯದರ್ಶಿ ಯಾರೂ ಇಲ್ಲ. ಬೇರೆ ಊರಿನವರು "ನಾವೂ ಶುರು ಮಾಡ್ಬೇಕು ಕಣ್ರೀ, ಹೇಗೆ" ಅಂತ ಕೇಳ್ತಿರ್ತಾರೆ, ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಸಾಕಾಗಿ ಇದನ್ನ ಬರೀತಿದೀನಿ.

ಮೊದಲನೇ ಮಾತು, ಸಸಿ ನೆಡೋದ್ರಿಂದ ಶುರು ಮಾಡ್ಬೇಡಿ. ನಾವು ಮಾಡಿದ್ದೇ ಆ ತಪ್ಪು. ಜೂನ್ 5, ಪರಿಸರ ದಿನ ಬಂತು ಅಂತ 60 ಸಸಿ ತಂದು, ಒಂದು ಕೆರೆ ಪಕ್ಕದ ಖಾಲಿ ಜಾಗದಲ್ಲಿ ನೆಟ್ವಿ, ಫೋಟೋ ಬಹಳ ಚೆನ್ನಾಗಿ ಬಂತು, ಎಲ್ಲರೂ ಸ್ಟೇಟಸ್ ಹಾಕ್ಕೊಂಡ್ವಿ. ಮುಂದಿನ ಯುಗಾದಿ ಹೊತ್ತಿಗೆ ಹೋಗಿ ನೋಡಿದ್ರೆ 7 ಉಳಿದಿತ್ತು, ಅದ್ರಲ್ಲೂ 3 ನಾವು ನೆಟ್ಟಿದ್ದೇ ಅಲ್ಲ, ತಾನಾಗೇ ಹುಟ್ಕೊಂಡಿದ್ದ ಬೇವು. ಆ ಬೇವಿಗೆ ಯಾರೂ ನೀರು ಹಾಕಿರ್ಲಿಲ್ಲ, ಬೇಲಿ ಕಟ್ಟಿರ್ಲಿಲ್ಲ. ಆ ಜಾಗದಲ್ಲಿ ಏನು ಬೆಳೆಯತ್ತೆ ಅನ್ನೋದನ್ನ ಒಂದು ವರ್ಷ ಸುಮ್ನೆ ನೋಡಿದ್ರೆ ನಮಗೇ ಗೊತ್ತಾಗ್ತಿತ್ತು. ಅಲ್ಲಿಂದ ಮುಂದೆ ನಾವು ನೋಡೋ ಗುಂಪಾದ್ವಿ, ನೆಡೋದು ಆಮೇಲಿನ ಮಾತು ಅಂತ ಆಯ್ತು.

ಜಾಗ ಆರಿಸ್ಕೊಳ್ಳೋದು ಹೇಗೆ ಅಂದ್ರೆ, ದೂರದ ಬೆಟ್ಟ ಬೇಡ. ಎಲ್ಲರಿಗೂ ದೇವರಾಯನದುರ್ಗಕ್ಕೋ ಸಿದ್ಧರಬೆಟ್ಟಕ್ಕೋ ಹೋಗೋ ಆಸೆ, ವರ್ಷಕ್ಕೆ ಒಂದೆರಡು ಸಲ ಹೋಗಿ, ತಪ್ಪಿಲ್ಲ, ಆದ್ರೆ ಪ್ರತಿ ತಿಂಗಳು ಹೋಗೋ ಜಾಗ ಸೈಕಲ್ ದೂರದಲ್ಲಿರಲಿ. ಕೆರೆ ಏರಿ, ಹಳೇ ದೇವಸ್ಥಾನದ ಹಿಂಭಾಗ, ರೈಲ್ವೆ ಹಳಿ ಪಕ್ಕದ ಪೊದೆ, ಸ್ಮಶಾನ (ನಗಬೇಡಿ, ಹಳೇ ಮರ ಕಡೀದೇ ಉಳಿದಿರೋದು ಎಷ್ಟೋ ಊರಲ್ಲಿ ಅಲ್ಲೇ), ಇಲ್ಲಾ ಗುಂಡುತೋಪು. ಹಳೇ ಮೈಸೂರು ಕಡೆ ಊರಾಚೆ ಮಾವು, ನೇರಳೆ, ಹಿಪ್ಪೆ, ಹುಣಸೆ ಇರೋ ಗುಂಡುತೋಪು ಅಂತ ಇರತ್ತಲ್ಲ, ದನ ಮಲಗೋಕೆ, ಸಂತೆಗೆ ಹೋಗೋರು ಗಾಡಿ ಬಿಚ್ಚೋಕೆ ಅಂತ ಹಿರಿಯರು ಬಿಟ್ಟಿದ್ದು, ನಿಮ್ಮೂರಲ್ಲಿ ಇನ್ನೂ ಒಂದು ಉಳಿದಿದ್ರೆ ಅದಕ್ಕಿಂತ ಒಳ್ಳೇ ಕ್ಲಾಸ್‌ರೂಮ್ ಇಲ್ಲ.

ಒಂದೇ ಜಾಗಕ್ಕೆ ಹನ್ನೆರಡು ತಿಂಗಳೂ ಹೋಗಿ. ಬೋರ್ ಆಗಲ್ವಾ ಅಂತ ಕೇಳ್ತಾರೆ, ಆಗಲ್ಲ, ಯಾಕಂದ್ರೆ ಪ್ರತಿ ತಿಂಗಳೂ ಅದು ಬೇರೇನೇ ಜಾಗ. ಫೆಬ್ರವರಿಲಿ ಅಂಕೋಲೆ ಮರದಲ್ಲಿ ಒಂದು ಎಲೆ ಇಲ್ಲದೆ ಬರೀ ಬಿಳಿ ಹೂ, ವಾಸನೆ ಹಿಡ್ಕೊಂಡೇ ಮರ ಹುಡುಕಬಹುದು. ಶಿವರಾತ್ರಿ ಆಸುಪಾಸು ಮುತ್ತುಗ ಕೆಂಪಗೆ ಉರೀತಿರತ್ತೆ, ಯುಗಾದಿಗೆ ಹೊಂಗೆ ಹೊಸ ಚಿಗುರು, ಏಪ್ರಿಲ್ ಮೇನಲ್ಲಿ ಕಕ್ಕೆ ಹಳದಿ ಗೊಂಚಲು, ಜೂನ್‌ನಲ್ಲಿ ನೇರಳೆ ಹಣ್ಣು ಬಿದ್ದು ರಸ್ತೆಯೆಲ್ಲಾ ನೇರಳೆ ಬಣ್ಣ. ಗೌರಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಅಗ್ನಿಶಿಖೆ, ಅದನ್ನೇ ಗೌರಿ ಹೂ ಅಂತಾರೆ, ನೋಡೋಕೆ ಬೆಂಕಿ ನಾಲಿಗೆ ತರ, ಆದ್ರೆ ಇಡೀ ಗಿಡ ವಿಷ, ಗಡ್ಡೆಯಂತೂ ಇನ್ನೂ ಜಾಸ್ತಿ, ಮಕ್ಕಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ. ನವೆಂಬರ್‌ನಲ್ಲಿ ಹುಲ್ಲು ತೆನೆ ಬಿಟ್ಟಿರತ್ತೆ, ಹುಲ್ಲು ಅಂದ್ರೆ ಹುಲ್ಲು ಅಂತ ತಿಳ್ಕೊಂಡಿದ್ದೆ ನಾನು, ಒಂದು ಹಾಸುಗೆ ಅಗಲದ ಜಾಗದಲ್ಲಿ ಐದಾರು ತರ ಇರತ್ತೆ, ಕೂತು ನೋಡ್ಬೇಕಷ್ಟೆ.

ಜನ 10-12 ಇದ್ರೆ ಸರಿ. 30 ಜನ ಬಂದ್ರೆ ಮುಂದಿರೋರು ಗಿಡ ನೋಡ್ತಾರೆ, ಹಿಂದಿರೋರು ರಿಯಲ್ ಎಸ್ಟೇಟ್ ಮಾತಾಡ್ತಾರೆ. ಬೆಳಗ್ಗೆ ಏಳಕ್ಕೆ ಶುರು, ಒಂಬತ್ತೂವರೆಗೆ ಇಡ್ಲಿ. ಎರಡು ಗಂಟೇಲಿ ಅರ್ಧ ಕಿಲೋಮೀಟರ್ ನಡೆದ್ರೆ ಅದೇ ಜಾಸ್ತಿ, ಸ್ಟೆಪ್ಸ್ ಲೆಕ್ಕ ಹಾಕೋರಿಗೆ ಮೊದ್ಲೇ ಹೇಳ್ಬಿಡಿ ಇದು ವಾಕಿಂಗ್ ಅಲ್ಲ ಅಂತ. ಸಾಮಾನು ಏನೂ ಬೇಡ, ಒಂದು ನೋಟ್‌ಬುಕ್, ಪೆನ್ಸಿಲ್, ಆಭರಣದವರು ಇಟ್ಕೊಳ್ಳೋ ತರದ ಸಣ್ಣ ಭೂತಗನ್ನಡಿ, ಟೇಪು, ನೀರು. ತುಂಬೆ ಹೂವನ್ನ ಆ ಭೂತಗನ್ನಡೀಲಿ ಒಂದ್ಸಲ ನೋಡ್ಸಿ ಸಾಕು, ಆ ಮನುಷ್ಯ ಮುಂದಿನ ತಿಂಗಳು ಬಂದೇ ಬರ್ತಾನೆ.

ಈಗ ಹೆಸರಿನ ವಿಷಯ, ಇದು ಸ್ವಲ್ಪ ಉದ್ದ ಆಗತ್ತೆ. ಶುರುವಿನಲ್ಲಿ ನಾವೆಲ್ಲಾ ಫೋನಿನ ಆ್ಯಪ್ ನಂಬ್ಕೊಂಡಿದ್ವಿ. ಐನ್ಯಾಚುರಲಿಸ್ಟ್ ಒಳ್ಳೇದೇ, ಫೋಟೋ ಹಾಕಿದ್ರೆ ಗೊತ್ತಿರೋರು ತಿದ್ತಾರೆ, ದಿನಾಂಕ ಜಾಗ ಎಲ್ಲಾ ದಾಖಲೆ ಆಗಿ ಉಳಿಯತ್ತೆ. ಆದ್ರೆ ಒಂದಿನ ಕೆರೆ ಏರಿ ಮೇಲೆ ನಾವು ಏಳು ಜನ ಒಂದು ಮುಳ್ಳಿನ ಗಿಡದ ಮುಂದೆ ಫೋನ್ ಹಿಡ್ಕೊಂಡು ಕಾರೆನಾ ಕವಳಿನಾ ಅಂತ ಅರ್ಧ ಗಂಟೆ ಜಗಳ ಆಡ್ತಿದ್ವಿ, ಮೇಕೆ ಹೊಡ್ಕೊಂಡು ಬಂದ ಅಜ್ಜಿ ಒಬ್ರು ನಿಂತು ನೋಡಿ "ಏನ್ರಪ್ಪಾ ಕಳ್ಕೊಂಡಿದೀರಾ" ಅಂದ್ರು. ಗಿಡ ತೋರಿಸಿದ್ವಿ. "ಎಲೆ ಮುರೀರಿ, ಹಾಲು ಬಂದ್ರೆ ಕವಳಿ, ಬರ್ದಿದ್ರೆ ಕಾರೆ, ಇಷ್ಟಕ್ಕೆ ಏಳ್ ಜನನಾ" ಅಂತ ಹೇಳಿ ಹೊರಟೇ ಹೋದ್ರು. ಹಾಲು ಬಂತು.

ಅವತ್ತಿಂದ ನಮ್ಮ ನಿಯಮ ಏನಂದ್ರೆ ಗುಂಪಿಗೆ ಮೊದಲು ಸೇರಿಸ್ಕೊಳ್ಳಬೇಕಾಗಿರೋದು ಬಾಟನಿ ಮೇಷ್ಟ್ರನ್ನಲ್ಲ, ಮೇಕೆ ಕಾಯೋರನ್ನ, ಮುತ್ತುಗದ ಎಲೆ ಹಚ್ಚೋರನ್ನ, ನಾಟಿ ಔಷಧಿ ಕೊಡೋರನ್ನ. ಮೇಷ್ಟ್ರೂ ಬೇಕು, ಎರಡನೇದಾಗಿ. ಆದ್ರೆ ಮೇಕೆ ಕಾಯೋರು, ಎಲೆ ಹಚ್ಚೋರು, ನಾಟಿ ಔಷಧಿಯವರು ಇವರ ಟೈಮಿಗೆ ನೀವು ಹೋಗ್ಬೇಕು, ನಿಮ್ಮ ಭಾನುವಾರಕ್ಕೆ ಅವರು ಬರಲ್ಲ, ದಿನದ ಕೂಲಿ ಬಿಟ್ಟು ಬಂದ್ರೆ ಅದನ್ನ ಕೊಡಿ, ಶಾಲು ಹೊದಿಸಿ ಕಳಿಸ್ಬೇಡಿ. ಇನ್ನೊಂದು, ಅವರು ಹೇಳಿದ ಔಷಧಿ ಉಪಯೋಗಗಳನ್ನ ಅವರನ್ನ ಕೇಳದೆ ಯೂಟ್ಯೂಬ್‌ಗೆ ಹಾಕ್ಬೇಡಿ.

ನೋಟ್‌ಬುಕ್ಕಲ್ಲಿ ಹೆಸರು ಬರೀವಾಗ ಯಾರು ಹೇಳಿದ್ದು, ಯಾವ ಊರಲ್ಲಿ ಹೇಳಿದ್ದು ಅಂತಲೂ ಬರ್ಕೊಳ್ಳಿ. ಯಾಕಂದ್ರೆ ಒಂದೇ ಹೆಸರು ಎರಡು ಮೂರು ಗಿಡಕ್ಕಿರತ್ತೆ. ಬನ್ನಿ ಅಂತ ದಸರೆಗೆ ಪೂಜೆ ಮಾಡೋ ಮರ ಎಲ್ಲಾ ಊರಲ್ಲೂ ಒಂದೇ ಅಲ್ಲ. ಅಪಾರ್ಟ್‌ಮೆಂಟ್ ಕಾಂಪೌಂಡಲ್ಲಿ ಕಂಬದ ತರ ನಿಂತಿರೋ ಅಶೋಕಕ್ಕೂ ಕೆಂಪು ಕಿತ್ತಳೆ ಹೂ ಗೊಂಚಲು ಬಿಡೋ ನಿಜವಾದ ಸೀತಾ ಅಶೋಕಕ್ಕೂ ಸಂಬಂಧವೇ ಇಲ್ಲ. ಸೈಂಟಿಫಿಕ್ ಹೆಸರನ್ನ ಪಕ್ಕದಲ್ಲಿ ಬರೀರಿ, ಅದನ್ನ ಹೇಳಿ ಹೊಸಬರನ್ನ ಹೆದರಿಸೋದು ಬೇಡ.

ಗುಂಪಲ್ಲಿ ಗ್ಯಾರಂಟಿ ಬರೋ ಜಗಳ ಒಂದಿದೆ, ಯಾವುದು ನಮ್ಮ ಗಿಡ ಯಾವುದು ಹೊರಗಿಂದು ಅಂತ. ಕತ್ತಿಕಾಯಿ ಆಟ ಆಡ್ತಿದ್ವಲ್ಲ ಆ ಗುಲ್‌ಮೊಹರ್ ಮಡಗಾಸ್ಕರದ್ದು, ಜಕರಂಡ, ಮಳೆಮರ ದಕ್ಷಿಣ ಅಮೆರಿಕ ಕಡೆಯವು ಅಂದ್ರೆ ಎಲ್ಲರೂ ಒಪ್ತಾರೆ. ಹುಣಸೆ ಮೂಲ ಆಫ್ರಿಕಾ ಅಂದಾಗ ನೋಡಿ ತುಮಕೂರಿನವರ ಮುಖ! ಹುಣಸೆಹಣ್ಣಿನ ಮಂಡಿ ಇರೋ ಊರು ಇದು, ಒಬ್ರು ಎರಡು ತಿಂಗಳು ಬರ್ಲೇ ಇಲ್ಲ. ಸೀತಾಫಲ, ಸೀಬೆ, ಮೆಣಸಿನಕಾಯಿ, ದಸರೆಗೆ ಕಟ್ಟೋ ಚೆಂಡು ಹೂವು ಇವೆಲ್ಲಾ ಅಮೆರಿಕ ಖಂಡದಿಂದ ಬಂದಿದ್ದು. ನನ್ನ ಅಭಿಪ್ರಾಯ ಏನಂದ್ರೆ, ಬಂದು ಊರೊಳಗೆ ಮರ್ಯಾದೆಯಿಂದ ಇರೋ ಗಿಡದ ಮೇಲೆ ನಮಗೇನೂ ಕೋಪ ಬೇಡ, ಬಂದು ಬೇರೆ ಯಾರನ್ನೂ ಬದುಕೋಕೆ ಬಿಡದೇ ಇರೋ ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿ ಇವುಗಳದ್ದೇ ತಾಪತ್ರಯ.

ಲಂಟಾನ ತೆಗೆಯೋ ಶ್ರಮದಾನ ಮಾಡ್ತೀರಾ ಅಂದ್ರೆ ಮೇಲಿಂದ ಕಡಿದ್ರೆ ಉಪಯೋಗ ಇಲ್ಲ, ಇನ್ನೂ ಜೋರಾಗಿ ಚಿಗುರತ್ತೆ. ಬುಡದ ಮಣ್ಣು ಸ್ವಲ್ಪ ಕೆದಕಿ ಮಣ್ಣಿನೊಳಗೆ ತಾಯಿಬೇರನ್ನ ಕಡಿದು, ಗಿಡ ಎತ್ತಿ ಬೇರು ಮೇಲೆ ಬರೋ ಹಾಗೆ ತಲೆಕೆಳಗೆ ಇಡ್ಬೇಕು, ಒಣಗಿ ಸಾಯತ್ತೆ. ಕಾಯಿ ಹಣ್ಣಾಗೋ ಮುಂಚೆ ಮಾಡಿ. ಸಣ್ಣ ಜಾಗ ಹಿಡೀರಿ, ಯಾಕಂದ್ರೆ ಬೀಜದಿಂದ ಮತ್ತೆ ಹುಟ್ಟತ್ತೆ, ಎರಡು ಮೂರು ವರ್ಷ ಅದೇ ಜಾಗಕ್ಕೆ ವಾಪಸ್ ಹೋಗ್ಬೇಕು. ಕೈಗೆ ಗ್ಲೌಸ್ ಇರ್ಲಿ, ಪೊದೆಯೊಳಗೆ ಹಕ್ಕಿ ಗೂಡಿದ್ರೆ ಆ ಪೊದೆ ಬಿಟ್ಬಿಡಿ. ಅರಣ್ಯ ಇಲಾಖೆ ಜಾಗ ಆದ್ರೆ ಇದ್ಯಾವುದನ್ನೂ ಕೇಳದೆ ಮಾಡ್ಬೇಡಿ, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹತ್ರ ಮೊದ್ಲೇ ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಿ, ಸುಮ್ನೆ ನಡೆದಾಡೋದಕ್ಕೂ ಅಷ್ಟೇ. ದೇವರಾಯನದುರ್ಗದ ಕಡೆ ಚಿರತೆ ಕರಡಿ ಎರಡೂ ಇದೆ, ಕತ್ತಲಲ್ಲಿ ಹೋಗೋ ಹುಚ್ಚು ಧೈರ್ಯ ಬೇಡ. ನಸುಗುನ್ನಿ ಕಾಯಿ ಹೇಗಿರತ್ತೆ ಅಂತ ಮೊದಲನೇ ವಾಕಲ್ಲೇ ಎಲ್ಲರಿಗೂ ತೋರಿಸ್ಬಿಡಿ, ಮುಟ್ಟಿದ್ಮೇಲೆ ಪರಿಚಯ ಮಾಡ್ಕೊಂಡ್ರೆ ಇಡೀ ದಿನ ಕೆರ್ಕೊಳ್ತಾ ಇರ್ಬೇಕಾಗತ್ತೆ.

ಮಕ್ಕಳನ್ನ ಕರ್ಕೊಂಡು ಬರೋರಿದ್ರೆ ಗಿಡಕ್ಕಿಂತ ಗಿಡದ ಮೇಲಿರೋ ಹುಳದಿಂದ ಶುರು ಮಾಡಿ. ಮನೆ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ತರ ಒಂದು ಮರಿಹುಳ ಇರತ್ತೆ, ಅದು ನಿಂಬೆ ಚಿಟ್ಟೆದು, ನಿಂಬೆ ಬಿಲ್ವದ ಮೇಲೂ ಸಿಗತ್ತೆ. ಎಕ್ಕದ ಎಲೆ ಮೇಲೆ ಪಟ್ಟೆ ಪಟ್ಟೆ ಹುಳ ಪ್ಲೇನ್ ಟೈಗರ್ ಚಿಟ್ಟೆದು, ಎಕ್ಕದ ವಿಷನ ತಾನೇ ಮೈಯಲ್ಲಿ ಇಟ್ಕೊಂಡು ಹಕ್ಕಿಗಳಿಂದ ಬಚಾವಾಗತ್ತೆ. ಈಶ್ವರಿ ಬಳ್ಳಿ ಇದ್ರೆ ಕ್ರಿಮ್ಸನ್ ರೋಸ್ ಚಿಟ್ಟೆ ಹುಡುಕ್ಕೊಂಡು ಬರತ್ತೆ. ಅತ್ತಿ ಹಣ್ಣು ಬಿಡಿಸಿದ್ರೆ ಒಳಗೆಲ್ಲಾ ಹುಳ ಅಂತ ಮೂಗು ಮುರೀತೀವಲ್ಲ, ಆ ಪುಟ್ಟ ಕಣಜ ಇಲ್ದಿದ್ರೆ ಅತ್ತಿ ಬೀಜನೇ ಕಟ್ಟಲ್ಲ, ಹೂವೆಲ್ಲಾ ಒಳಗಡೆ ಇರೋದ್ರಿಂದ ಒಳಗೇ ಹೋಗಿ ಪರಾಗ ಮುಟ್ಟಿಸೋರು ಬೇಕು. ಆಲ ಅರಳಿ ಬಸರಿ ಗೋಣಿ ಎಲ್ಲಕ್ಕೂ ಬೇರೆ ಬೇರೆ ಜಾತಿ ಕಣಜ. ಇದನ್ನ ಹೇಳಿದ್ರೆ ಮಕ್ಕಳಿಗಿಂತ ಅಪ್ಪಂದಿರು ಜಾಸ್ತಿ ಬಾಯಿ ಬಿಟ್ಕೊಂಡು ಕೇಳ್ತಾರೆ.

ಒಂದು ವರ್ಷ ಆದ್ಮೇಲೆ ಬೀಜ ಆರಿಸೋದು ಶುರು ಮಾಡಬಹುದು. ಅಂಕೋಲಾ ಹತ್ರ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು, 2024ರಲ್ಲಿ ತೀರ್ಕೊಂಡ್ರು, ಪದ್ಮಶ್ರೀ ಬಂದಿದ್ದು, ಅವರ ಹೆಸರುವಾಸಿ ವಿದ್ಯೆನೇ ಅದು, ಕಾಡಲ್ಲಿ ತಾಯಿಮರ ಯಾವುದು ಅಂತ ಗುರುತಿಸಿ ಅದರ ಬೀಜ ತರೋದು. ನಾವು ಆ ಮಟ್ಟಕ್ಕೆ ಹೋಗೋದು ಕನಸು, ಆದ್ರೆ ಆರೋಗ್ಯವಾಗಿರೋ ದೊಡ್ಡ ಮರ ಆರಿಸ್ಕೊಂಡು, ಒಂದೇ ಮರದ್ದು ಬಳಿದು ತರದೆ ನಾಲ್ಕೈದು ಮರದಿಂದ ಸ್ವಲ್ಪ ಸ್ವಲ್ಪ, ಬಿದ್ದಿರೋದನ್ನ ಮಾತ್ರ, ಹಕ್ಕಿ ಅಳಿಲಿಗೂ ಬಿಟ್ಟು ತರೋದು ಕಷ್ಟ ಏನಲ್ಲ. ತಂದು ಡಬ್ಬೀಲಿ ಹಾಕಿ ಮರೀಬೇಡಿ. ನೇರಳೆ ಬೀಜ ಒಣಗಿದ್ರೆ ಮುಗೀತು, ತಿಂದ ವಾರದೊಳಗೇ ಹಾಕ್ಬೇಕು. ಬೇವಿಂದೂ ಹಾಗೇ, ತಿರುಳು ತೊಳೆದು ಎರಡು ವಾರದೊಳಗೆ. ಕಕ್ಕೆ ಬೀಜ ಉಲ್ಟಾ, ಕಲ್ಲಿನ ತರ ಸಿಪ್ಪೆ, ವರ್ಷಗಟ್ಟಲೆ ಇರತ್ತೆ, ಹಾಕೋ ಮುಂಚೆ ಒರಟು ಕಲ್ಲಿಗೆ ಒಂದು ಕಡೆ ಉಜ್ಜಿ ರಾತ್ರಿ ನೀರಲ್ಲಿ ನೆನೆಸಿದ್ರೆ ಮೊಳಕೆ ಬೇಗ. ಹೊಂಗೆ ಸುಮ್ನೆ ಮಣ್ಣಲ್ಲಿಟ್ರೂ ಬರತ್ತೆ, ಹೊಸಬರ ಕೈಗೆ ಮೊದಲು ಹೊಂಗೆ ಕೊಡಿ, ಉತ್ಸಾಹ ಉಳಿಯತ್ತೆ. ಹಾಲಿನ ಪ್ಯಾಕೆಟ್ ಸಾಕು, ಕೆಳಗೆ ತೂತು ಮಾಡಿ.

ನೆಡೋದು ನೆಡ್ಲೇಬೇಕು ಅಂದ್ರೆ ಜನ ಎಷ್ಟಿದೀರೋ ಅಷ್ಟೇ ಸಸಿ, ಒಬ್ಬರಿಗೆ ಒಂದು. ಎರಡು ಅಡಿ ಗುಂಡಿ, ಮೇಕೆಗೆ ಬೇಲಿ, ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ನೀರು, ಅದನ್ನ ಯಾರು ಹಾಕ್ತಾರೆ ಅಂತ ಹೆಸರು ಬರ್ದಿಟ್ಟ ಮೇಲೇ ಗುದ್ದಲಿ ಎತ್ತಿ. ಹುಲ್ಲುಗಾವಲಲ್ಲಿ ಮಾತ್ರ ದಯವಿಟ್ಟು ಮರ ನೆಡ್ಬೇಡಿ, ಬೀಜದುಂಡೆನೂ ಎಸೀಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ರ ಕೃಷ್ಣಮೃಗ ಇರೋ ಜಾಗ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಯ್ತಲ್ಲ, ಒಂದ್ಸಲ ಹೋಗಿ ನಿಂತು ನೋಡಿ, ಬರೀ ಹುಲ್ಲು. ಆ ಹುಲ್ಲಿಗಾಗೇ ಅವು ಇರೋದು. ಅಮೃತಮಹಲ್ ದನ ಮೇಯೋಕೆ ಅಂತ ಬಿಟ್ಟಿದ್ದ ಕಾವಲುಗಳೂ ಹಾಗೇ. ಅದನ್ನ ಪಾಳು ಜಾಗ ಅಂದ್ಕೊಂಡು ಹಸಿರು ಮಾಡೋಕೆ ಹೋಗೋರೇ ಜಾಸ್ತಿ.

ಮರದ ಪಟ್ಟಿ ಮಾಡೋದು ಬೋರಿಂಗ್ ಕೆಲಸ, ಆದ್ರೆ ಮಾಡಿಟ್ಕೊಳ್ಳಿ. ನಿಮ್ಮ ರಸ್ತೆ, ತೋಪು, ಶಾಲೆ ಮೈದಾನದಲ್ಲಿರೋ ಒಂದೊಂದು ಮರದ ಹೆಸರು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ, ಫೋಟೋ. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ವಿನಾಯಿತಿ ಇರೋ ಕೆಲವು ಜಾತಿ ಬಿಟ್ರೆ ಕಡಿಯೋಕೆ ಅನುಮತಿ ಬೇಕು, ರಸ್ತೆ ಅಗಲ ಮಾಡೋಕೆ ಅಂತ ಯಾರಾದ್ರೂ ಬಂದಾಗ ಅಲ್ಲಿ ಮರವೇ ಇರ್ಲಿಲ್ಲ ಅನ್ನೋ ಮಾತು ನಡೀಬಾರ್ದು ಅಂದ್ರೆ ಕೈಯಲ್ಲಿ ಪಟ್ಟಿ ಇರ್ಬೇಕು. ಒಂದು ಎಚ್ಚರ: ಶ್ರೀಗಂಧದ ಮರ ಕಂಡ್ರೆ ಲೊಕೇಶನ್ ಎಲ್ಲೂ ಹಾಕ್ಬೇಡಿ, ಫೋಟೋದಲ್ಲಿ ಜಿಪಿಎಸ್ ಆಫ್ ಮಾಡಿ, ಐನ್ಯಾಚುರಲಿಸ್ಟಲ್ಲಿ ಜಾಗ ಮರೆಮಾಡೋ ಆಯ್ಕೆ ಇದೆ. ಅಪರೂಪದ ಆರ್ಕಿಡ್, ಔಷಧಿ ಗಡ್ಡೆ ಎಲ್ಲದಕ್ಕೂ ಇದೇ.

ವಾಟ್ಸಾಪ್ ಗುಂಪಿಗೆ ನಿಯಮ ಒಂದೇ, ಗುಡ್ ಮಾರ್ನಿಂಗ್ ಹೂವಿನ ಫೋಟೋ ಹಾಕಿದ್ರೆ ಆ ಹೂವಿನ ಹೆಸರು, ಎಲ್ಲಿ ಕಂಡಿದ್ದು ಅಂತ ಹೇಳ್ಬೇಕು. ಮೆಸೇಜ್ ಮುಕ್ಕಾಲು ಪಾಲು ಅಲ್ಲೇ ಕಮ್ಮಿ ಆಯ್ತು.

ಬೇಸಿಗೇಲಿ ಜನ ಬರಲ್ಲ, ಅದಕ್ಕೆ ಬೇಜಾರಾಗ್ಬೇಡಿ, ಇರೋರೇ ಹೋಗಿ. ಹೋದ ಮೇ ತಿಂಗಳು ನಾವು ಇಬ್ಬರೇ, ಎಂಟು ಗಂಟೆಗೇ ಬಿಸಿಲು ಚುರುಕು. ಕೆರೆ ಏರಿ ಮೇಲೆ ಅದೇ ಮೇಕೆ ಅಜ್ಜಿ ಸಿಕ್ಕಿದ್ರು. ಕವಳಿ ಹಣ್ಣು ಕಪ್ಪಾಗಿತ್ತು. "ಈಗ ನೋಡಿ ಬರೋ ಟೈಮು, ನೀವು ಬರೀ ಎಲೆ ಇದ್ದಾಗ ಬಂದು ಫೋಟೋ ಹೊಡ್ಕೊಂಡು ಹೋಗ್ತೀರಿ" ಅಂತ ಬೈದು ಸೆರಗಲ್ಲಿದ್ದ ಹಣ್ಣನ್ನ ಇಬ್ಬರಿಗೂ ಕೊಟ್ರು.